ಮುನ್ನೂರಾ ಒಂದನೇ ಪ್ರತಿ

ಬೆಟಗೇರಿಯ ಗಣಪತಸಾನ ಛಾಪಖಾನಿಯೊಳಗ
ಹತ್ತೊಂಬತ್ತು ವರ್ಷ ಪುಸ್ತಕ ಹೊಲದೀನಿ.
ಮಗ್ಗದ ಮನಿಯಾಕಿ ನಾನು,
ನೂಲು ಹಿಡಿಯೂದು ಯಾರೂ ಕಲಿಸಬೇಕಾಗಿರಲಿಲ್ಲ.
ಮೈದಾ ಅಂಟಿನಾಗ ಮೈಲತುತ್ತ ಎಷ್ಟು ಬೀಳಬೇಕು,
ಅದನ್ನಷ್ಟ ಕಲಿತೆ.

ಲಗ್ನಪತ್ರಿಕಿ, ಸೊಸೈಟಿಯ ಪಾಸಬುಕ್ಕು, ಪಂಚಾಂಗ.
ಒಂದ ಸಲ, ಒಂದ, ಇಂಥಾದ್ದು ಬಂತು:
ತೋಂಟಪ್ಪನ ‘ಸುರಂಕಿ ಸೀಮೆಯ ಐತಿಹ್ಯಗಳು’.

ಹತ್ತಿ ಪ್ಯಾಟಿಯೊಳಗ ತೂಕದ ಗುಮಾಸ್ತ ಆತ.
ಅಂಡಗಿ ತೂಗಿದ ಚೀಟಿಗಳ ಬೆನ್ನಿಗೆ
ಇಲ್ಲದ ಒಂದು ದೇಶ ಬರದಿದ್ದ.
ಅಲ್ಲೆ ಚಂದ್ರಾಮರು ಇಬ್ಬರು,
ಒಬ್ಬ ಸಾಲಗಾರ, ಒಬ್ಬ ಜಾಮೀನುದಾರ.
ಅಲ್ಲೆ ಗಡಿಕಲ್ಲು ರಾತ್ರಿ ಎದ್ದು ಅಡ್ಡಾಡತಾವ,
ಮುಂಜಾನೆದ್ದು ಮಂದಿ
ಹೊಸಾ ಮಗ್ಗಲ ಮನಿಯವರಿಗೆ ಶರಣು ಹೇಳತಾರ.

ಕಥಿ ನಾಕು. ನಾಕಕ್ಕೂ ಗ್ವಾಡಿ ಬ್ಯಾರೆ.
ತನ್ನ ನೆಳ್ಳು ಉಪ್ಪಿನ ಸಾವಕಾರಗ ಒತ್ತಿ ಇಟ್ಟು
ಊರಿಗೆ ಕಾಳು ತಂದ ರಾಣಿ ಈರಂಜಿ.
ಸದ್ದು ನುಂಗೂ ಗಂಟಿ ಎರಕ ಹೊಯ್ದ ಕುರುಡ ಕಂಚುಗಾರ.
ಯುಗಕ್ಕೊಂದು ತತ್ತಿ ಇಡೂ ಹಕ್ಕಿ,
ತತ್ತಿಯೊಳಗ ಮಡಚಿಟ್ಟ ಹೊಳಿ.
ಮತ್ತ, ಹೆಸರಿಡೂದು ಎಲ್ಲಾರೂ ಮರತ ಒಂದು ಕೂಸು.
ಯಾರೂ ಯಾರನ್ನೂ ಭೆಟ್ಟಿ ಆಗಂಗಿಲ್ಲ.

ಅರವತ್ನಾಕನೇ ಪುಟದಾಗ ರಾಣಿ ಸಾಯತಾಳ.
ಹೂಳಾಕ ಬಂದವರಿಗೆ
ಹೆಣ ಎಲ್ಲೆ ಮುಗೀತು, ಬಿಸಲು ಎಲ್ಲೆ ಸುರುವಾತು
ತಿಳೀಲಿಲ್ಲಂತ ಬರದಾನ.

ಮಡಚತ ಮಡಚತ ಓದತಿದ್ದೆ ನಾನು,
ತಲಿಕೆಳಗ, ಅಡ್ಡಕ್ಕ, ಪುಟ ಹಾರಿಸಿ.
ಫಾರ್ಮು ಮಡಚೂ ತನಕ
ಕಥಿಗೂ ತನ್ನ ಮುಂದಿಂದು ಗೊತ್ತಿರಂಗಿಲ್ಲ ನೋಡ್ರಿ.

ಮುನ್ನೂರು ಪ್ರತಿ ಬರದಂಗ ಹೊಲದೆ. ಆಣಿ.
ಹೆಚ್ಚಿಗಿ ಬಿದ್ದ ಹಾಳಿ ಉಳದಿದ್ದವು.
ಕಂದೀಲಿನಾಗ ಎಣ್ಣಿ ಇನ್ನೂ ಇತ್ತು.
ಮೂರನೇ ಫಾರ್ಮಿನ ಮಗ್ಗಲಕ ಏಳನೇದು ಇಟ್ಟೆ.
ನಲವತ್ತೆಂಟರ ಕಡೀ ಸಾಲು: ‘ರಾಣಿ ಬಾಗಿಲು ತೆಗೆದಳು.’
ತೊಂಬತ್ತೇಳರ ಮೊದಲ ಸಾಲು:
‘ಕುರುಡ ಅಂದ, ಬಾ, ನಿನ್ನ ಹಾದಿಯನ್ನೇ ಕಾಯುತ್ತಿದ್ದೆ.’
ಅಸಲಿನಾಗ ಅದು ತಪ್ಪಿಸಿಕೊಂಡಿದ್ದ ಆಡಿಗೆ ಆಡಿದ ಮಾತು.
ಮುಂದ ನಾ ಕೈ ಹಚ್ಚೂದ ಬ್ಯಾಡಾತು,
ಹಕ್ಕಿಯ ತತ್ತಿ ತಾನ ಹೋಗಿ
ಕೂಸಿನ ತೊಟ್ಟಲದಾಗ ಕೂತಿತು.

ನಾಕನೇ ಫಾರ್ಮು ಹೊಲೀಲೇ ಇಲ್ಲ.
ಮನಿಗೆ ತಂದು, ಉಪ್ಪಿನಕಾಯಿ ಭರಣಿ ಇಡೂ
ಮಾಡದಾಗ ಹಾಸಿದೆ.

ಆ ಪ್ರತಿ ನನಗಂತ ತಗದಿಟ್ಟಿದ್ದೆ.
ಗಂಟು ಕಟ್ಟೂ ಹೊತ್ತಿನಾಗ ಒಂದಕ್ಕ ಚಹಾ ಚೆಲ್ಲಿತಂತ,
ಗಣಪತಸಾ ಅದರ ಬದ್ಲಿ ಇದನ್ನ ತುರುಕಿದ.
ನಾ ಬಾಯಿ ಬಿಡಲಿಲ್ಲ.
ತೋಂಟಪ್ಪ ಸೈಕಲ್ಲಿಗೆ ಬಿಗಕೊಂಡು ಹೋದ.
ಎಂಬತ್ತು ರೂಪಾಯಿ ಬಾಕಿ
ಇನ್ನೂ ಬರೂದೈತಿ.

ಛಾಪಖಾನಿ ಮುಚ್ಚಿತು. ತೋಂಟಪ್ಪ ಹೋದ.
ನನ್ನ ಕಣ್ಣಿಗೆ ಸೂಜಿಯ ತೂತು ಸಿಗದಂಗಾತು.

ಮೊನ್ನೆ ಕರೆಂಟು ಹೋದಾಗ
ಮಗ್ಗಲ ಮನಿ ಅಫ್ರೀನ ಕಟ್ಟಿ ಮ್ಯಾಲ ಕೂತು
ತಮ್ಮನ ಕಾಲಿಗೆ ಸೊಳ್ಳಿ ಹೊಡಿಯತ
ಕಥಿ ಹೇಳಾಕತ್ತಿದ್ದಳು:
ರಾಣಿ ಬಾಗಲಾ ತಗದಳಂತ, ಕುರುಡ ಬಾ ಅಂದನಂತ,
ಗಂಟಿಯೊಳಗ ರಾಣಿ ಅಡಿಕ್ಕೊಂಡಳಂತ,
ಸಾವಕಾರ ಬಂದು ಎಷ್ಟು ಒದರಿದರೂ
ಗಂಟಿ ಅವನ ಲೆಕ್ಕ ನುಂಗತ ಹೋತಂತ.

ಇದು ತೋಂಟಪ್ಪ ಬರದದ್ದಲ್ಲ.
ನಾ ಹೊಲದದ್ದೂ ಅಲ್ಲ.

ಎಲ್ಲೆ ಓದಿದಿ ಯವ್ವಾ, ಅಂದೆ.
ಓದಿಲ್ಲ, ಲಕ್ಕುಂಡಿ ನಾನಿ ಹೇಳಿದ್ದು,
ಅಕಿಗೆ ಯಾರೋ ಬಸ್ಸಿನಾಗ ಹೇಳ್ಯಾರ.
ರಾಣಿ ಸಾಯಂಗಿಲ್ಲೇನ, ಅಂದೆ.
ಸಾಯೂದ್ಯಾಕ? ಅಂದಳು, ಸಿಟ್ಟಿಲೆ,
ತಮ್ಮ ಅಂಜತಾನಂತ ಸನ್ನಿ ಮಾಡಿದಳು.

ಒಳಗ ಹೋಗಿ ಭರಣಿ ಎತ್ತಿ ನೋಡಿದೆ.
ಅರವತ್ನಾಕನೇ ಪುಟ ಎಣ್ಣಿ ಕುಡದೈತಿ,
ಅರವತ್ಮೂರರ ಅಕ್ಷರ ಉಲ್ಟಾ ಮೂಡಿ
ಇದರ ಸಾಲಿನಾಗ ಕೂಡ್ಯಾವ.
ಯಾವುದು ಯಾವ ಕಡಿದು ಅಂತ
ಬ್ಯಾಟರಿ ಹಿಡದು ಹುಡುಕಾಕ ಹತ್ತಿದ್ದೆ,
ಕರೆಂಟು ಬಂತು.
ಭರಣಿ ಮತ್ತ ಅಲ್ಲೇ ಇಟ್ಟೆ.